ಸ್ಕೇಟಿಂಗ್ ಹಾಲಿನ ಡಿಸ್ಕೋ ಕೋಲಾಟ

೧೯೮೩ರಲ್ಲಿ ನಾನು ಅಮೆರಿಕದ ಸ್ಯಾನ್ ಹೊಸೆಯ ಒಂದು ರೋಲರ್ ಸ್ಕೇಟಿಂಗ್ ಹಾಲಿನಲ್ಲಿ ಭಾನುವಾರ ಮಧ್ಯಾಹ್ನದ ಡಿ.ಜೆ. ಆಗಿದ್ದೆ. ಎರಡು ವರ್ಷ ಕಳೆದು ಈಗ ನನಗೆ ಇಪ್ಪತ್ತೈದು. ಈ ವಯಸ್ಸಿಗೇ ವೃತ್ತಿಯ ಅನುಭವ ಬರೆಯುವುದು ಉದ್ಧಟತನವೆಂದು ಅಕ್ಕನ ಗಂಡ, ಅಂದರೆ ನನ್ನ ಭಾವ, ಹೇಳುತ್ತಾರೆ. ಹೇಳುವಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪ್ರತಿ ವಾಕ್ಯಕ್ಕೂ ಮೊದಲು ಒಮ್ಮೆ ಕೆಮ್ಮುತ್ತಾರೆ. ಅದನ್ನು ನಾನು ಅವರಿಗಿಂತ ಚೆನ್ನಾಗಿ ಮಾಡಬಲ್ಲೆ.

ಡಿ.ಜೆ. ಮುಂದೆ ಎರಡು ಟರ್ನ್‌ಟೇಬಲ್ ಇರುತ್ತವೆ. ಒಂದರ ರೆಕಾರ್ಡ್ ಮುಗಿಯುವ ಮೊದಲೇ ಇನ್ನೊಂದನ್ನು ಅದೇ ವೇಗಕ್ಕೆ ತಂದು, ಕುಣಿಯುವವರ ಕಾಲಿಗೆ ಗೊತ್ತಾಗದಂತೆ ಸೇರಿಸಬೇಕು. ಡಿಸ್ಕೋದಲ್ಲಿ ನಿಮಿಷಕ್ಕೆ ನೂರಿಪ್ಪತ್ತರ ಆಸುಪಾಸು ತಾಳದ ಪೆಟ್ಟು. ಪಿಚ್ ಕಂಟ್ರೋಲ್ ಎಂಬ ಗುಂಡಿ ಸರಿಸಿದರೆ ಆ ವೇಗವನ್ನು ಎಂಟು ಪರ್ಸೆಂಟಿನಷ್ಟು ಏರಿಸಬಹುದು ಅಥವಾ ಇಳಿಸಬಹುದು. ಇಷ್ಟೇ ವಿದ್ಯೆ. ಉಳಿದದ್ದೆಲ್ಲ ತಲೆ ಅಲ್ಲಾಡಿಸುವ ಠೀವಿ.

ತೊಂದರೆಯೆಂದರೆ, ಡಿಸ್ಕೋ ಸತ್ತಿದೆಯೆಂದು ಆ ಹೊತ್ತಿಗೆ ಅಮೆರಿಕವೆಲ್ಲ ಒಪ್ಪಿಕೊಂಡಾಗಿತ್ತು. ಅಂಗಡಿಗಳು ಆ ರೆಕಾರ್ಡುಗಳನ್ನು ಬಾಗಿಲ ಬಳಿಯ ರಟ್ಟಿನ ಡಬ್ಬಿಗೆ ಎಸೆದಿದ್ದವು. ನನ್ನ ಸಂಗ್ರಹವೆಲ್ಲ ಆ ಡಬ್ಬಿಗಳದ್ದೇ. ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್ಬುಗಳಲ್ಲಿ ಅದೇ ಪೆಟ್ಟನ್ನು ಸಿಂಥಸೈಜರ್‌ನಲ್ಲಿ ನುಡಿಸಿ ಬೇರೆ ಹೆಸರಿಟ್ಟು ಕುಣಿಯುತ್ತಿದ್ದರು. ನಮ್ಮ ಹಾಲಿಗೆ ಮಾತ್ರ ಬರುತ್ತಿದ್ದವರು ಹನ್ನೆರಡು ಹುಡುಗರು.

ಹಾಲಿನ ಮಾಲೀಕ ವಾಲ್ಟ್ ಆರಡಿ ಆಳು. ಮೇಪಲ್ ಮರದ ನೆಲವನ್ನು ಎಂಟು ವರ್ಷ ತನ್ನ ಕೈಯಾರೆ ಪಾಲಿಶ್ ಮಾಡಿದವನು. ‘ಬೂಟು ಹಾಕಿ ನೆಲದ ಮೇಲೆ ಬರಬೇಡಿ’ ಎಂಬ ಅವನ ಬೋರ್ಡನ್ನು ಎಂಟು ವರ್ಷವೂ ಯಾರೂ ಓದಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ನಾನು ಮೈಕಿನಲ್ಲಿ ವಾಲ್ಟ್‌ನ ಗಡಸು ದನಿ ಮಾಡಿದೆ: “ಮಹನೀಯರೇ, ಡಿಸ್ಕೋ ತೀರಿಕೊಂಡಿದೆ. ಹೂವು ತರಬೇಡಿ, ನೆಲ ಕೊಳೆಯಾಗುತ್ತೆ!” ಹುಡುಗರು ಬಿದ್ದು ಬಿದ್ದು ನಕ್ಕರು. ತಿರುಗಿ ನೋಡಿದರೆ, ಹಿಂದೆಯೇ ವಾಲ್ಟ್ ನಿಂತಿದ್ದ.

“ಚೆನ್ನಾಗಿ ಮಾಡ್ತೀಯ. ನಿಜಾನೇ ಹೇಳಿದೆ ಕೂಡ,” ಅಂದ. “ಮುಂದಿನ ಭಾನುವಾರವೂ ಹೀಗೇ ಖಾಲಿ ಇದ್ದರೆ ಹಾಲನ್ನ ಕಾರ್ಪೆಟ್ ಅಂಗಡಿಯವರಿಗೆ ಕೊಟ್ಟುಬಿಡ್ತೀನಿ. ನೆಲಕ್ಕೆ ಮೊಳೆ ಹೊಡೀತಾರಂತೆ.” ಮೊಳೆ ಅನ್ನುವಾಗ ಅವನು ನನ್ನ ಮುಖ ನೋಡಲಿಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ? “ಮುಂದಿನ ವಾರ ಎಪ್ಪತ್ತು ಜನ ಸ್ಕೇಟ್ ಮಾಡೋಕೆ ಬರ್ತಾರೆ, ವಾಲ್ಟ್,” ಅಂದುಬಿಟ್ಟೆ.

ಎಪ್ಪತ್ತು ಜನರನ್ನು ಎಲ್ಲಿಂದ ತರುವುದು? ಅಕ್ಕನ ಕೋಲಾಟದ ಗುಂಪು ದೀಪಾವಳಿ ಕಾರ್ಯಕ್ರಮಕ್ಕೆ ಒಂದು ಶಾಲೆಯ ಜಿಮ್ಮಿನಲ್ಲಿ ಪ್ರಾಕ್ಟೀಸ್ ಮಾಡುತ್ತಿತ್ತು. ಆ ವಾರ ಬಣ್ಣ ಬಳಿಯಲು ಜಿಮ್ ಮುಚ್ಚಿತ್ತು.

“ಸ್ಕೇಟಿಂಗ್ ಹಾಲಾ?” ಅಕ್ಕ ಕಿರುಚಿದಳು. “ಸೀರೆ ಉಟ್ಕೊಂಡು ಚಕ್ರದ ಮೇಲೆ ನಿಂತ್ರೆ ಸೀದಾ ಫ್ರೀವೇಗೇ ಹೋಗಿ ಸೇರ್ತೀವಿ ಕಣೋ!”

“ಚಕ್ರ ಬೇಡ, ಕೋಲು ತಗೊಂಡ್ ಬನ್ನಿ ಸಾಕು. ಮನೆಮಂದಿನೆಲ್ಲಾ ಕರ್ಕೊಂಡ್ ಬರೋಕೆ ಹೇಳು.”

“ನಿನ್ ಓನರ್‌ಗೆ ಹೇಳಿದೀಯ ತಾನೆ?”

“ಓ, ಹೇಳಿದೀನಿ!” ಎಷ್ಟು ಜನ ಅಂತ ಹೇಳಿದ್ದೆ. ಯಾತಕ್ಕೆ ಅನ್ನುವುದೊಂದೇ ಸುಳ್ಳು.

ಭಾನುವಾರ ವಾಲ್ಟ್ ಎಪ್ಪತ್ತು ಜೊತೆ ಸ್ಕೇಟ್ಸ್ ಒರೆಸಿ ಕೌಂಟರಿನ ಮೇಲೆ ಸಾಲಾಗಿ ಜೋಡಿಸಿದ್ದ. ಎರಡು ಗಂಟೆಗೆ ಬೆರ್ರಿಯೆಸಾದಿಂದ, ಲಾಸ್ ಆಲ್ಟೋಸ್‌ನಿಂದ ಕಾರುಗಳು ಬಂದವು. ಕೋಲು, ಮಕ್ಕಳು, ಚಿತ್ರಾನ್ನದ ಡಬ್ಬಿಗಳೂ ಇಳಿದವು. ಮುಂದೆ ಪದ್ಮಮ್ಮ, ಮಗಳ ಬಾಣಂತನಕ್ಕೆ ಮಂಡ್ಯದಿಂದ ಬಂದು ಗುಂಪಿಗೆ ಗುರುವಾದವರು. ಹಾಲಿನ ಬಾಗಿಲಲ್ಲಿ ಪಳಪಳ ಹೊಳೆಯುವ ನೆಲ ಕಂಡದ್ದೇ, ಅವರು ಚಪ್ಪಲಿ ಬಿಟ್ಟರು. ಹಿಂದಿದ್ದವರೂ ಬಿಟ್ಟರು. ಎಲ್ಲರೂ ಬರಿಗಾಲಲ್ಲಿ, ಸ್ಕೇಟ್ಸ್ ಕಡೆ ಕಣ್ಣೂ ಹಾಯಿಸದೆ ಒಳಗೆ ನಡೆದರು.

ವಾಲ್ಟ್ ನನ್ನ ಕಡೆ ತಿರುಗಿದ. “ಸ್ಕೇಟ್ಸ್?”

“ಸುಳ್ಳು ಹೇಳಿದೆ, ವಾಲ್ಟ್. ಇವರು ಕುಣಿಯೋಕೆ ಬಂದಿದಾರೆ.” ನನ್ನ ಸ್ವಂತ ದನಿ ಎಷ್ಟು ಸಣ್ಣದೆಂದು ಅವತ್ತು ಗೊತ್ತಾಯಿತು.

ಅವನು ಬಾಗಿಲ ಬಳಿಯ ಚಪ್ಪಲಿ ರಾಶಿಯನ್ನೇ ನೋಡುತ್ತಿದ್ದ. “ಬಿಚ್ಚಿಡೋಕೆ ಇವರಿಗೆ ಯಾರು ಹೇಳಿದ್ದು?”

“ಯಾರೂ ಇಲ್ಲ.”

ವಾಲ್ಟ್ ಸ್ಕೇಟ್ಸ್ ಸಾಲನ್ನು ಬದಿಗೆ ಸರಿಸಿ, “ಒಂದು ಹಾಡು. ಒಂದೇ,” ಅಂದ.

ಮಾತಿಲ್ಲದ ಒಂದು ಡಿಸ್ಕೋ ರೆಕಾರ್ಡ್ ಹಾಕಿ, ಪಿಚ್ ಗುಂಡಿಯನ್ನು ಅತಿ ನಿಧಾನದ ವೇಗಕ್ಕೆ ಇಳಿಸಿದೆ. ಪದ್ಮಮ್ಮ ಕಿವಿಗೊಟ್ಟರು.

“ಇದೇನ್ಲಾ ಮಗಾ, ಹಿಟ್ಟಿನ ಗಿರಣಿ ಬಡ್ಕಂಡಂಗೆ ಬಡ್ಕತದೆ!”

“ಗಿರಣಿನೇ ಅನ್ಕೊಳ್ಳಿ. ನಿಲ್ಲಲ್ಲ, ಜಾರಲ್ಲ. ನೀವು ಹಾಡಿ.”

ಅವರು ಹಾಡು ಎತ್ತಿಕೊಂಡರು. ಕೋಲಿಗೆ ಕೋಲು ತಾಗಿತು. ಕೋಲಾಟ ಸುತ್ತು ಸುತ್ತಿಗೂ ಬಿರುಸಾಗುತ್ತದೆ. ಅವರ ಜೊತೆಜೊತೆಗೆ ವೇಗ ಏರಿಸುತ್ತ ಹೋದೆ, ನಾಲ್ಕೇ ನಿಮಿಷಕ್ಕೆ ನನ್ನ ಗುಂಡಿ ತುದಿ ಮುಟ್ಟಿತು. ಇನ್ನೂ ವೇಗದ ರೆಕಾರ್ಡ್ ಬೇಕು. ತಾಳ ಒಂದು ಕೂದಲಷ್ಟು ತಪ್ಪಿದರೆ ಎಪ್ಪತ್ತು ಜನರ ಬೆರಳಿಗೆ ಪೆಟ್ಟು, ವಾಲ್ಟ್‌ನ ನೆಲಕ್ಕೆ ಮೊಳೆ. ಮುಂದಿನ ರೆಕಾರ್ಡನ್ನು ಮೊದಲೇ ಕೇಳಿ ಹೊಂದಿಸೋಣವೆಂದರೆ, ಕೋಲಿನ ಸದ್ದಿಗೆ ಹೆಡ್‌ಫೋನಿನಲ್ಲಿ ಏನೂ ಕೇಳಿಸುತ್ತಿಲ್ಲ. ಕಿತ್ತೆಸೆದೆ. ಪದ್ಮಮ್ಮನವರ ಬಲ ಹಿಮ್ಮಡಿಯನ್ನೇ ನೋಡುತ್ತ, ಅದು ನೆಲಕ್ಕೆ ಬಿದ್ದ ಕ್ಷಣಕ್ಕೆ ಸರಿಯಾಗಿ, ತಿರುಗದಂತೆ ತಡೆಹಿಡಿದಿದ್ದ ಎರಡನೆಯ ರೆಕಾರ್ಡಿನ ಮೇಲಿಂದ ಕೈ ತೆಗೆದೆ.

ಸೇರಿತು! ಪೆಟ್ಟು ಬಿದ್ದದ್ದು ಅಕ್ಕನ ಜೊತೆ ಕೋಲು ಹಿಡಿದಿದ್ದ ಭಾವನವರ ಬೆರಳಿಗೆ ಮಾತ್ರ, ಅದೂ ಅವರು ಮಧ್ಯೆ ಕೆಮ್ಮಿದ್ದಕ್ಕೆ.

ಹನ್ನೆರಡು ಹುಡುಗರು ಸ್ಕೇಟ್ಸ್ ಮೇಲೆ ಹೊರಸುತ್ತು ಹಾಕತೊಡಗಿದರು. ಕೋಲಾಟ ಅಂದರೆ “ಬೋರಿಂಗ್!” ಎನ್ನುತ್ತಿದ್ದ ನಮ್ಮ ಮಕ್ಕಳು ಕೋಲು ಕಿತ್ತುಕೊಂಡು ನುಗ್ಗಿದರು. ನೋಡುತ್ತಿದ್ದಂತೆ ವಾಲ್ಟ್ ತನ್ನ ಬೂಟು ಬಿಚ್ಚಿ ಆ ರಾಶಿಯ ಮೇಲಿಟ್ಟು, ಕಾಲುಚೀಲದಲ್ಲೇ ಒಳಗೆ ಬಂದ.

“ಬಾರಪ್ಪಾ ದೊಡ್ಡೋನೆ,” ಅಂದರು ಪದ್ಮಮ್ಮ. “ಕೋಲಿಗೆ ಹೊಡಿ, ನನ್ ತಲೇಗಲ್ಲ!”

ಆ ಒಂದು ಹಾಡು ಐದು ಗಂಟೆಗೆ ಮುಗಿಯಿತು. ಎಲ್ಲರೂ ಹೊರಟ ಮೇಲೆ ನೋಡಿದರೆ ವಾಲ್ಟ್‌ನ ಬೂಟು ಇಲ್ಲ. ಉಳಿದಿದ್ದದ್ದು ಪುಟ್ಟದೊಂದು ಜೊತೆ ಕಪ್ಪು ಶೂ. ಮರುದಿನ ಭಾವ ಆಫೀಸಿನಿಂದ ಫೋನ್ ಮಾಡಿ, ಕೆಮ್ಮಿ, “ಬೆರಳು ನೋವಲ್ಲಿ ಗೊತ್ತಾಗ್ಲಿಲ್ಲ ಕಣಯ್ಯ. ಇವು ನನ್ ಶೂ ಅಲ್ಲ, ಎರಡು ದೋಣಿ,” ಅಂದರು.

ವಾಲ್ಟ್‌ಗೆ ತಿಳಿಸಿದೆ. “ಅವಸರ ಇಲ್ಲ,” ಅಂದ. “ಮುಂದಿನ ಭಾನುವಾರ ತರಲಿ. ಎಲ್ಲರನ್ನೂ ಕರ್ಕೊಂಡು ಬರಲಿ.”

ಕಾರ್ಪೆಟ್ ಬರಲಿಲ್ಲ. ಹೊರಗಿನ ಬೋರ್ಡಿನಿಂದ ಡಿಸ್ಕೋ ಎಂಬ ಪದ ಹೋಯಿತು, ಆದರೆ ರೆಕಾರ್ಡುಗಳು ಅವೇ ಉಳಿದವು. ಯಾವುದಾದರೂ ಸಂಗೀತ ಸತ್ತಿತೆಂದು ಯಾರಾದರೂ ಹೇಳಿದರೆ ನಾನೀಗ ವಾದಕ್ಕೆ ನಿಲ್ಲುವುದಿಲ್ಲ. ಬಾಗಿಲ ಬಳಿ ಹೋಗಿ ಚಪ್ಪಲಿ ಎಷ್ಟಿವೆಯೆಂದು ನೋಡುತ್ತೇನೆ.