ಹಿತ್ತಾಳೆ ಹಚ್ಚಿಸಿದವಳು

ಕೊಟ್ಟೂರಿನ ಬಾಡಿಗೆ ಕಾರುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದಾಗಿದ್ದ ಕಾಲವದು. ಹೊಸಹಳ್ಳಿಯ ಬಾಣಂತಿ ಆಸ್ಪತ್ರೆಗೆ ಬರಬೇಕಾಗಿರಲಿ, ಚಿಗಟೇರಿಗೆ ಹೆಣ್ಣು ನೋಡಲು ಗಂಡಿನ ಕಡೆಯವರು ಹೊರಡಬೇಕಾಗಿರಲಿ, ಸುದ್ದಿ ಬರುತ್ತಿದ್ದುದು ನಮ್ಮ ಮನೆಗೇ. ನಮ್ಮಪ್ಪನದು ಬಿಳಿ ಅಂಬಾಸಿಡರ್. ಅಬ್ಬಾ, ಏನು ಜಂಬ ನನಗೆ! ನನ್ನ ಓರಗೆಯ ಹುಡುಗಿಯರು ಕಾರು ಹತ್ತುತ್ತಿದ್ದುದು ಯಾರದೋ ಮದುವೆಯಲ್ಲಿ. ನಾನು ಸಂತೆಗೆ ಮೆಣಸಿನಕಾಯಿ ತರಲೂ ಅದರಲ್ಲೇ ಹೋಗಿ ಬಂದವಳು.

ಕಾರು ಎತ್ತರ, ನಾನು ಕುಳ್ಳಿ. ಹತ್ತುವಾಗ ಕಾಲು ಜಾರಿ ಮೊಣಕಾಲು ತರಚಿಕೊಳ್ಳುವುದು ದಿನದ ಪಾಡಾಗಿತ್ತು. ಒಂದು ದಿನ ಅಪ್ಪ ಹಿಂದಿನ ಬಾಗಿಲು ತೆರೆದು, ಕೆಳಗಿನ ಪಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕಾಲಿಟ್ಟು ಹತ್ತುವ ಆ ತಗಡಿನ ಪಟ್ಟಿಗೆ ಎಲ್ಲರೂ ಫುಟ್‌ಬೋರ್ಡು ಅನ್ನುತ್ತಿದ್ದರು. ಹೊಸ ತಂಬಿಗೆ ತಂದರೆ ಅದಕ್ಕೆ ಚುಕ್ಕೆ ಚುಕ್ಕೆಯಾಗಿ ಹೆಸರು ಹಾಕಿಸುತ್ತೇವಲ್ಲ, ಮದುವೆಮನೆಗೆ ಹೋದ ಪಾತ್ರೆ ತಪ್ಪದೆ ನಮ್ಮ ಮನೆಗೇ ಬರಲಿ ಅಂತ? ಹಾಗೆಯೇ ಮೊಳೆ, ಸುತ್ತಿಗೆ ಹಿಡಿದು, ಟಕ್ ಟಕ್ ಅಂತ ಬಣ್ಣದ ಮೇಲೆ ನನ್ನ ಹೆಸರು ಹೊಡೆದ. ‘ನೀಲಾ’.

“ಇಲ್ಲಿ ಕಾಲಿಡು ನೀಲವ್ವಾ. ಇದು ನಿಂದೇ ಮೆಟ್ಲು. ಬ್ಯಾರೆ ಯಾರೂ ಇಲ್ಲಿ ಕಾಲಿಡಂಗಿಲ್ಲ” ಅಂದ.

“ಚಲೋ ಬಣ್ಣ ಕೆಡಿಸಿದ್ರಿ ನೋಡ್ರಿ. ಮಗಳು ಕುಣಿ ಅಂದ್ರ ಕುಣಿಯೋ ಮನಿಷ್ಯಾ” ಅಂತ ಅವ್ವ ಒಳಗಿನಿಂದಲೇ ಬೈದಳು. ಅಪ್ಪ ನಕ್ಕ. ಆಮೇಲೆ ಎಲ್ಲಿಗೆ ಹೊರಟರೂ ಅಪ್ಪ “ಎಲ್ಲಿ ಕಾಲಿಡಬೇಕು?” ಅನ್ನಬೇಕು, ನಾನು ನನ್ನ ಹೆಸರಿನ ಮೇಲೆ ಕಾಲಿಟ್ಟು ಹತ್ತಬೇಕು. ಅದಾಗದೆ ಕಾರು ಹೊರಡುತ್ತಲೇ ಇರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಕಾಮಾಲೆ ಆಯಿತು. ನಾಟಿ ಔಷಧ, ಪಥ್ಯ, ಕೊನೆಗೆ ದಾವಣಗೆರೆಯ ಆಸ್ಪತ್ರೆ. ಅದೇ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಹೋದ. ಬರುವಾಗಲೂ ಅದೇ ಸೀಟಿನಲ್ಲಿ ಬಂದ, ಆದರೆ ಜೀವ ಇರಲಿಲ್ಲ. ಅಪ್ಪನಿಗೆ ಆಗ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ.

ಅವ್ವನ ತಮ್ಮ ಮಲ್ಲಣ್ಣ ಮಾಮ ಬಂದು ಕಾರು ಓಡಿಸತೊಡಗಿದ. ಕಾರು ಓಡಿದರೆ ನಮ್ಮ ಒಲೆ ಉರಿಯಬೇಕು, ಹಾಗಿತ್ತು ಮನೆ. ಬೇಸಿಗೆ ಹೊತ್ತಿಗೆ ಎಫ್.ಸಿ. ಮಾಡಿಸುವ ಗಡುವು ಬಂತು. ಬಾಡಿಗೆ ಗಾಡಿ ರಸ್ತೆಗಿಳಿಯಲು ಯೋಗ್ಯ ಅಂತ ಸರ್ಕಾರದವರು ನೋಡಿ ಕೊಡುವ ಕಾಗದ ಅದು. ತುಕ್ಕು ತಿಂದ ಕಾರಿಗೆ ಅದು ಸಿಗುವುದಿಲ್ಲ. ಮಾಮ ಕಾರನ್ನು ಹಾಲಪ್ಪ ಕಾಕಾನ ಶೆಡ್ಡಿಗೆ ಬಿಟ್ಟ.

ಹಾಲಪ್ಪ ಕಾಕಾ ಟಿಂಕರ್. ಜಜ್ಜಿದ, ತೂತು ಬಿದ್ದ ಕಾರಿನ ತಗಡನ್ನು ತಟ್ಟಿ, ಬೆಸೆದು ಸರಿ ಮಾಡುವವನು. ಕೂಡ್ಲಿಗಿ ರಸ್ತೆಯ ಬೇವಿನ ಮರದ ಕೆಳಗೆ ಅವನ ಶೆಡ್ಡು. ಅಪ್ಪನ ಜೀವದ ಗೆಳೆಯ. ಅಪ್ಪ ಹೋದ ಮೇಲೂ ವಾರಕ್ಕೊಮ್ಮೆ ಮನೆ ಮುಂದೆ ಸೈಕಲ್ ನಿಲ್ಲಿಸಿ, “ಹೆಂಗದೀರಿ ತಂಗೀ?” ಅಂತ ಅವ್ವನನ್ನು ವಿಚಾರಿಸಿ ಹೋಗುತ್ತಿದ್ದ.

ಶಾಲೆಗೆ ರಜೆ. ಕಾರು ಎಲ್ಲಿದೆಯೋ ನಾನೂ ಅಲ್ಲೇ. ಹಿಂದಿನ ಸೀಟಿನಲ್ಲಿ ಮಲಗಿದರೆ ಅಪ್ಪನ ಬೀಡಿ, ಅಪ್ಪನ ತಲೆಯೆಣ್ಣೆ ವಾಸನೆ ಇನ್ನೂ ಬರುತ್ತಿತ್ತು, ಅಥವಾ ಬರುತ್ತದೆ ಅಂದುಕೊಳ್ಳುತ್ತಿದ್ದೆ. ಶೆಡ್ಡಿನ ತುಂಬ ಕಾರ್ಬೈಡಿನ ವಾಸನೆ, ಬೆಳ್ಳುಳ್ಳಿ ಕೊಳೆತ ಹಾಗೆ. ಗ್ಯಾಸು ಮಾಡುವ ಆ ಕಲ್ಲಿನ ಚೂರೊಂದನ್ನು ಕದ್ದು, ನೀರಿನ ಗುಂಡಿಗೆ ಹಾಕಿ ಅದು ಬುಸಬುಸ ಅನ್ನುವುದನ್ನು ನೋಡುವುದೇ ನನ್ನ ಆಟ. ಕಾಕಾ ಕಂಡರೆ, “ಏಯ್, ಮಾರಿ ಸುಟ್ಕಂತಿ!” ಅಂತ ಗದರಿ, ಗದರಿದ್ದಕ್ಕೆ ಪಾಪ ಅನ್ನಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಡುತ್ತಿದ್ದ.

ಅವನ ಕೆಲಸ ನೋಡುತ್ತ ನನಗೂ ಒಂದಿಷ್ಟು ತಿಳಿಯಿತು. ತೆಳ್ಳನೆಯ ಮಡ್‌ಗಾರ್ಡು ಸೀಳಿದ್ದರೆ ಹಿತ್ತಾಳೆ ಕಡ್ಡಿ. ಸಣ್ಣ ಉರಿಯಲ್ಲಿ ಕಾಯಿಸಿ, ಬಿಳಿಗಾರ ಉದುರಿಸಿ, ಹಿತ್ತಾಳೆ ಕರಗಿಸಿ ಬಿಟ್ಟರೆ ಅದು ಸಂದಿಯಲ್ಲಿ ನೀರಿನಂತೆ ಓಡುತ್ತಿತ್ತು. ತಣ್ಣಗಾದ ಮೇಲೆ ಬಂಗಾರದ ಗೆರೆ. ದಪ್ಪ ಜಾಗವಾದರೆ ವೆಲ್ಡಿಂಗ್, ನೋಡಲು ಕರ್ರಗೆ, ಗಂಟುಗಂಟು.

“ಎಲ್ಲದಕ್ಕೂ ಹಿತ್ತಾಳಿ ಹಚ್ಚಬಾರದೇನು ಕಾಕಾ? ಛಂದ ಕಾಣ್ತತಿ” ಅಂದೆ.

“ವೆಲ್ಡಿಂಗಿನ್ಯಾಗ ಎರಡೂ ತಗಡು ಕರಗಿ ಒಂದೇ ಆಗ್ತಾವ. ಹಿತ್ತಾಳಿ ಹಂಗಲ್ಲವ್ವ. ತಗಡು ಕರಗಂಗಿಲ್ಲ, ಅದು ನಡುವ ಅಂಟಿನಂಗ ಕುಂದ್ರತತಿ ಅಷ್ಟ. ಮಡ್‌ಗಾರ್ಡು ಭಾರ ಹೊರಂಗಿಲ್ಲ, ಅದಕ್ಕ ಅಂಟು ಸಾಕು. ಭಾರ ಹೊರೋ ಜಾಗಕ್ಕ ಸಾಲಂಗಿಲ್ಲ.”

ಮೂರನೇ ದಿನ ಕಾಕಾ ಹಿಂದಿನ ಬಾಗಿಲು ತೆರೆದು ಫುಟ್‌ಬೋರ್ಡಿಗೆ ಸ್ಕ್ರೂಡ್ರೈವರ್ ಚುಚ್ಚಿದ. ತಗಡು ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ನನ್ನ ಹೆಸರಿನ ಸುತ್ತಲೇ. ಅಪ್ಪ ಮೊಳೆ ಹೊಡೆದಿದ್ದ ಒಂದೊಂದು ಚುಕ್ಕೆಯಲ್ಲೂ ಬಣ್ಣ ಒಡೆದು, ಮಳೆನೀರು ಒಳಗಿಳಿದು, ತುಕ್ಕು ಅಲ್ಲಿಂದಲೇ ಶುರುವಾಗಿತ್ತು. ಕಾಕಾನಿಗೆ ಅದು ನೋಡಿದ ಕೂಡಲೇ ಗೊತ್ತಾಗಿರಬೇಕು. ಏನೂ ಹೇಳದೆ ಸೀಮೆಸುಣ್ಣ ತೆಗೆದುಕೊಂಡು, ಹೆಸರಿನ ಸುತ್ತ ಒಂದು ಚೌಕ ಗೀಚಿ, ಚಾಣ ಕೈಗೆತ್ತಿಕೊಂಡ.

ಕತ್ತರಿಸುತ್ತಾನೆ ಅಂತ ತಿಳಿದದ್ದೇ ತಡ, ಓಡಿಬಂದು ಆ ಚೌಕದ ಮೇಲೆ ಕಾಲಿಟ್ಟು ನಿಂತೆ.

“ಕಾಲು ತಗಿಯವ್ವಾ.”

“ತಗಿಯಂಗಿಲ್ಲ. ಅಪ್ಪ ಬರದದ್ದು.”

“ಗೊತ್ತೈತಿ ನನಗ. ಜ್ವಾಕಿಲೆ ಕತ್ತರಿಸಿ ನಿನ್ನ ಕೈಯಾಗ ಕೊಡ್ತೀನಿ. ಮನ್ಯಾಗ ಇಟ್ಕಾ.”

“ಮನ್ಯಾಗಿಟ್ರ ಬರೇ ತಗಡು ಅದು. ನಾ ಕಾಲು ಎಲ್ಲಿಡ್ಲಿ?”

“ಇದು ಗಾಡಿ ಭಾರ ಹೊರೋ ಜಾಗ ನೀಲವ್ವಾ. ಕೊಳತಿದ್ದನ್ನ ತಗದು ಹೊಸಾ ತಗಡು ಕುಂದ್ರಿಸಿ ವೆಲ್ಡಿಂಗ್ ಮಾಡ್ಲಿಕ್ಕೇ ಬೇಕು.”

“ಹಿತ್ತಾಳಿ ಹಚ್ಚು! ಕತ್ತರಿಸಬ್ಯಾಡ, ಹಿತ್ತಾಳಿ ಹಚ್ಚು ಕಾಕಾ!” ಅಂತ ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅಪ್ಪನ ಹೆಣ ಬಂದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಅವತ್ತು ಏನಾಗಿದೆ ಅಂತಲೇ ನನಗೆ ತಿಳಿದಿರಲಿಲ್ಲ, ಶೆಡ್ಡಿನಲ್ಲಿ ತಿಳಿಯಿತು.

ಕಾಕಾ ಚಾಣ ಕೆಳಗಿಟ್ಟು, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. “ಆಗ್ಲಿ ಯವ್ವ. ಒಂದು ವರ್ಷ ನಡೀಲಿ. ಮುಂದಿನ ಎಫ್.ಸಿ. ಬರೋದ್ರಾಗ ನೀನೂ ದೊಡ್ಡಾಕಿ ಆಗ್ತಿ. ಅವಾಗ ಕತ್ತರಿಸೋಣು” ಅಂದ. ತನಗೆ ತಾನೇ ಹೇಳಿಕೊಂಡ ಹಾಗಿತ್ತು.

ಹಿಂದಿನಿಂದ ಆಸರೆಗೆ ಒಂದು ತಗಡಿನ ಪಟ್ಟಿ ಕೊಟ್ಟು, ಒಂದು ಚುಕ್ಕೆಯೂ ಅಳಿಯದ ಹಾಗೆ ಸುತ್ತಲೂ ಹಿತ್ತಾಳೆ ಓಡಿಸಿದ. ಅಷ್ಟು ಸಣ್ಣ ಉರಿಯಲ್ಲಿ, ಅಷ್ಟು ನಿಧಾನವಾಗಿ ಅವನು ಬೇರೆ ಯಾವ ಕೆಲಸವನ್ನೂ ಮಾಡಿದ್ದು ನಾನು ಕಾಣೆ. ನನ್ನ ಹೆಸರಿಗೆ ಬಂಗಾರದ ಚೌಕಟ್ಟು ಬಂದಿತ್ತು. ಅದರ ಮೇಲೆ ಬಣ್ಣ ಹೊಡೆದ. ಎಫ್.ಸಿ. ಕೂಡ ಆಯಿತು. ಹಿತ್ತಾಳೆಯ ವಿಷಯ ಅವ್ವನಿಗಾಗಲಿ ಮಾಮನಿಗಾಗಲಿ ಗೊತ್ತಿರಲಿಲ್ಲ. ನಾನಂತೂ ಗೆದ್ದವಳ ಹಾಗೆ ಬೀಗಿಕೊಂಡು ಓಡಾಡಿದೆ. ಥೂ, ಈಗ ನೆನೆಸಿಕೊಂಡರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಶ್ರಾವಣ ಮುಗಿಯುತ್ತಿದ್ದ ಹಾಗೆ ಒಂದು ಕುಪ್ಪಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಮಾಮ ಬಸುರಿ ಹೆಣ್ಣುಮಗಳೊಬ್ಬಳನ್ನು, ಅವಳ ಜೊತೆ ಏಳೆಂಟು ಹೆಂಗಸರನ್ನು ತುಂಬಿಕೊಂಡು ಚಿಗಟೇರಿ ಕಡೆ ಹೊರಟ. ಮಳೆಗೆ ರಸ್ತೆ ಕಿತ್ತುಹೋಗಿತ್ತು. ಕಾರು ಒಂದು ಗುಂಡಿಗೆ ಇಳಿದದ್ದೇ, ಹಿತ್ತಾಳೆಯ ಬೆಸುಗೆ ಸೀಳಿ ಕಾರಿನ ನಡು ಕುಸಿಯಿತು. ಹಿಂದಿನ ಬಾಗಿಲು ತಾನಾಗಿ ಹಾರಿ ತೆರೆದುಕೊಂಡಿತು. ಬಾಗಿಲ ಪಕ್ಕ ಕೂತಿದ್ದವಳು ಆ ಬಸುರಿಯೇ. ಅವಳ ಅತ್ತೆ ಸೀರೆಯ ಸೆರಗು ಹಿಡಿದು ಎಳೆದುಕೊಂಡಿದ್ದರಿಂದ ಉಳಿದಳು. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಬಾಗಿಲು ಮತ್ತೆ ಹಾಕಲು ಬರಲಿಲ್ಲ. ಮಾಮ ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಖಾಲಿ ಕಾರು ತಂದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಬಸುರಿಯನ್ನು ಬೀಳಿಸಲಿದ್ದ ಕಾರನ್ನು ಇನ್ನು ಯಾರು ಕರೆಯುತ್ತಾರೆ?

ಮಾಮ ಅದನ್ನು ಹರಪನಹಳ್ಳಿಗೆ ಒಯ್ದ. ಅಲ್ಲಿಯ ಟಿಂಕರ್ ಸೀಳಿದ ಜಾಗಕ್ಕೆ ವೆಲ್ಡಿಂಗ್ ಮಾಡಲು ಹೋದರೆ ಚಟಪಟ ಸಿಡಿದು, ಬಿಳಿ ಹೊಗೆ ಎದ್ದಿತಂತೆ, ಬೆಸುಗೆ ನಿಲ್ಲಲೇ ಇಲ್ಲವಂತೆ. ಒಮ್ಮೆ ಹಿತ್ತಾಳೆ ಕುಡಿದ ತಗಡಿಗೆ ವೆಲ್ಡಿಂಗ್ ಹತ್ತುವುದಿಲ್ಲ. ಮೊದಲೇ ಗೇಣುದ್ದ ಕತ್ತರಿಸಿದ್ದರೆ ಸಾಕಿತ್ತು, ಈಗ ಮುಂದಿನ ಬಾಗಿಲಿನಿಂದ ಹಿಂದಿನ ಗಾಲಿಯವರೆಗೂ ಒಂದು ಮಗ್ಗುಲು ಪೂರಾ ತೆಗೆಯಬೇಕು ಅಂದನಂತೆ. ಅದು ನಮ್ಮ ಕೈಯಲ್ಲಾಗುವ ಮಾತಲ್ಲ. ಕಾರು ಅಲ್ಲಿಂದಲೇ ಗುಜರಿಗೆ ಹೋಯಿತು. ನನ್ನ ಹೆಸರೂ ಹೋಯಿತು. ಅಪ್ಪ ಮಲಗಿ ಬಂದ ಸೀಟೂ ಹೋಯಿತು.

ಎರಡು ದಿನ ಬಿಟ್ಟು ಮಟಮಟ ಮಧ್ಯಾಹ್ನ ಹಾಲಪ್ಪ ಕಾಕಾ ನಮ್ಮ ಮನೆಗೆ ನಡೆದುಕೊಂಡು ಬಂದ. ಸೈಕಲ್ ಯಾಕೆ ತರಲಿಲ್ಲವೋ. ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು, ಅದು ನಮ್ಮ ಕಡೆಯ ರೂಢಿ. ನಾನು ರೂಢಿಯಂತೆ ತಂಬಿಗೆ ತುಂಬಿಕೊಂಡು ಬಂದೆ. ಅವ್ವ ಅದನ್ನು ನನ್ನ ಕೈಯಿಂದ ಕಸಿದುಕೊಂಡು, ಅವನ ಕಣ್ಣೆದುರಿಗೇ ಬಚ್ಚಲಿಗೆ ಸುರಿದಳು.

“ಭಾರ ಹೊರೋ ಜಾಗಕ್ಕ ಹಿತ್ತಾಳಿ ಹಚ್ಚೀರಂತ. ಗೊತ್ತಿರಲಿಲ್ಲೇನ್ರಿ ನಿಮಗ? ಕೆಲಸ ಬೇಗ ಮುಗೀಲಿ ಅಂತ ಹಿಂಗ ಮಾಡಿದ್ರೇನು? ಸತ್ತ ಗೆಣೆಕಾರನ ಹೆಂಡ್ತಿ ಮಕ್ಳಿಗೆ ಇದನ್ನ ಮಾಡಾದು?”

ನಾನು ಬಾಗಿಲ ಹಿಂದೆ ನಿಂತಿದ್ದೆ. ಕಾಕಾ ಒಂದೇ ಒಂದು ಸಲ ನನ್ನ ಕಡೆ ನೋಡಿದ. ನಾಲಿಗೆ ತುದಿಯಲ್ಲಿತ್ತು ಮಾತು. ಅವ್ವನ ಮುಖ ನೋಡಿ ಹೆದರಿ ನುಂಗಿಕೊಂಡೆ.

“ನಂದೇ ತಪ್ಪು ತಂಗೀ” ಅಂದ. ಹೋದ. ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅವನ ಕೈಗೆಲಸ ನಂಬಬಾರದು ಅಂತ ಮಾಮ ಸಿಕ್ಕಿದವರಿಗೆಲ್ಲ ಹೇಳಿದ. ಬೇವಿನ ಮರದ ಕೆಳಗೆ ನಿಲ್ಲುವ ಗಾಡಿಗಳು ಕಡಿಮೆಯಾದವು. ನಾನು ಶಾಲೆಗೆ ಹೋಗುವ ದಾರಿ ಬದಲಿಸಿಕೊಂಡೆ.

ಈಗ ನಾನು ಹಡಗಲಿಯಲ್ಲಿ ಮೇಷ್ಟ್ರಮ್ಮ. ಅವ್ವ ನನ್ನ ಜೊತೆಗೇ ಇದ್ದಾಳೆ. ಹೋದ ತಿಂಗಳು ಕೊಟ್ಟೂರಿಗೆ ಹೋದಾಗ ಟ್ರ್ಯಾಕ್ಟರ್ ತಾಗಿ ನನ್ನ ಕಾರಿನ ಬಾಗಿಲು ಜಜ್ಜಿತು. ವರ್ಕ್‌ಶಾಪಿನವನನ್ನು, ತಟ್ಟಿ ಸರಿ ಮಾಡಲಾಗದೇ ಅಂತ ಕೇಳಿದೆ. “ಈಗ ಯಾರು ತಟ್ಟಿಕೋಂತ ಕುಂದ್ರತಾರ್ರೀ ಮೇಡಂ? ಬಾಗ್ಲನೇ ಬದಲಿ ಮಾಡಿಬಿಡೋದು” ಅಂತ ನಕ್ಕ. ಒಂದು ಮಗುವಿನ ಅಳುವಿಗೆ ಚಾಣ ಕೆಳಗಿಡುವ ಕೈ ಅಲ್ಲಿ ಯಾವುದೂ ಕಾಣಲಿಲ್ಲ. ಟಿಂಕರ್ ಹಾಲಪ್ಪ ಅಂತ ಒಬ್ಬರಿದ್ದರಲ್ಲ ಅಂದೆ. ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಬೇವಿನ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದಿದ್ದರು.

ಮನೆಗೆ ಬಂದಾಗ ಅವ್ವ ಮೊರದ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಸೀಮೆಸುಣ್ಣದ ಚೌಕ, ಅದರ ಮೇಲೆ ನನ್ನ ಕಾಲು, ಹಿತ್ತಾಳೆ ಹಚ್ಚು ಅಂತ ನಾನು ಹಿಡಿದ ಹಟ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಮತ್ತ ಆತ ಅವತ್ತು ಯಾಕ ಬಾಯಿ ಬಿಡ್ಲಿಲ್ಲ?” ಅಂತ ಕೇಳಿದಳು.

“ನಾ ಹೇಳ್ತೀನೇನೋ ಅಂತ ಕಾದಿರಬೇಕವ್ವ.”

ಅವ್ವ ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಹಾಕಿ, ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಅಂಥಾ ಬಿಸಿಲಾಗ ನಡಕೊಂಡು ಬಂದಿದ್ದ” ಅಂದಳು. “ಒಂದು ತಂಬಿಗಿ ನೀರು ಸೈತ ಕುಡಿಸ್ಲಿಲ್ಲಲ್ಲೇ ನಾನು.”