ಹಳೆ ವಿದ್ಯಾರ್ಥಿಗಳ ಮ್ಯಾಚಿಗೆ ನನ್ನ ಮೊದಲ ಕಿಕ್

"ನಮ್ಮಲ್ಲಿ ಎಲ್ಲರಿಗಿಂತ ಹಳೆ ಬ್ಯಾಚ್ ಯಾರದ್ದು?" ಎಂದು ಹಮೀದ್ ಮೈಕ್‌ನಲ್ಲಿ ಕೇಳಿದಾಗ ಅಲ್ ಅಜೈಬಾದ ಆ ಪುಟ್ಟ ಟರ್ಫ್ ಮೈದಾನದಲ್ಲಿ ಒಬ್ಬರೂ ಕೈ ಎತ್ತಲಿಲ್ಲ.

ಕಳೆದ ಶುಕ್ರವಾರ ಸಂಜೆ. ಊರಿನ ನಮ್ಮ ಕಾಲೇಜಿನಲ್ಲಿ ಓದಿ ಒಮಾನ್ ಸೇರಿದವರ ಫುಟ್ಬಾಲ್ ಮ್ಯಾಚ್. ಹಳಬರು ಒಂದು ಕಡೆ, ಈಚಿನ ಬ್ಯಾಚಿನವರು ಇನ್ನೊಂದು ಕಡೆ. ವಾದಿ ಅದಾಯ್‌ನಲ್ಲಿ ಟೈರ್ ಅಂಗಡಿ ಇರುವ ಹಮೀದ್ ಹಳಬರ ಕ್ಯಾಪ್ಟನ್.

ನಮ್ಮ ಕಾಲದಲ್ಲಿ ಕಾಲೇಜ್ ಡೇ ಹಿಂದಿನ ದಿನ ಇಂಥದ್ದೇ ಮ್ಯಾಚ್ ಇರುತ್ತಿತ್ತು. ಹಳೆ ವಿದ್ಯಾರ್ಥಿಗಳನ್ನು ಬಸ್ ಸ್ಟ್ಯಾಂಡಿನಿಂದಲೇ ಬ್ಯಾಂಡ್ ಬಾರಿಸಿಕೊಂಡು ಕರೆತರುತ್ತಿದ್ದರು. ಬಂದವರಲ್ಲಿ ಅತ್ಯಂತ ಹಿರಿಯರದ್ದು ಮೊದಲ ಕಿಕ್. ಪಂಚೆ ಎತ್ತಿ ಕಟ್ಟಿದ ಅಜ್ಜಂದಿರು ಚೆಂಡು ಮುಟ್ಟಿದರೆ ಸಾಕು, ಇಡೀ ಕಾಲೇಜು ಕೂಗುತ್ತಿತ್ತು.

ಹುಡುಗಿಯರಾದ ನಾವು ಮಹಡಿಯ ವರಾಂಡದಲ್ಲಿ. ಹಾರ ಕಟ್ಟಿ ಕೊಡಬೇಕು, ಕೆಳಗೆ ಇಳಿಯುವಂತಿಲ್ಲ. ಒಂದು ಸಲ ಒದ್ದು ನೋಡಬೇಕೆಂದು ಕಾಲು ತುರಿಸುತ್ತಿತ್ತು...

ಆ ಪದ್ಧತಿಯನ್ನು ಇಲ್ಲಿ ಮತ್ತೆ ಶುರು ಮಾಡೋಣವೆಂದರೆ ವಯಸ್ಸು ಒಪ್ಪಿಕೊಳ್ಳಲು ಯಾರೂ ತಯಾರಿಲ್ಲ. ಡೈ ಹಚ್ಚಿದ ತಲೆಗಳೆಲ್ಲ ಆಕಾಶ ನೋಡುತ್ತಿವೆ.

"ಹಾಗಾದ್ರೆ ನಾನೇ ಹೊಡೀತೇನೆ" ಎಂದರು ಹಮೀದ್.

ಏನಾಯಿತೋ, ನಾನು ಎದ್ದು ನಿಂತೆ. "ಹಮೀದ್, ನೀವು ಪಿಯುಸಿಗೆ ಸೇರಿದ ವರ್ಷ ನಾನು ಡಿಗ್ರಿ ಲಾಸ್ಟ್ ಇಯರ್."

ಪಕ್ಕದಲ್ಲಿದ್ದ ನಮ್ಮ ಯಜಮಾನರು ಸೆರಗು ಜಗ್ಗಿದರು. "ಬೆಳಿಗ್ಗೆ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡದ್ದು ಮರೆತುಹೋಯ್ತಾ ಮಾರಾಯ್ತಿ? ಕೂತ್ಕೊ."

ಹಮೀದ್ ಮೈಕ್ ಕೆಳಗಿಟ್ಟರು. ಆಮೇಲೆ ತಾವೇ ಹೋಗಿ ಮೈದಾನದ ನಡುವೆ ಚೆಂಡು ಇಟ್ಟರು. "ಬನ್ನಿ ಶಾರದಕ್ಕ. ರೂಲ್ ಅಂದ್ರೆ ರೂಲ್."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಕಾಲು ತಾಗಿಸಿದರೆ ಸಾಕು ಎಂದು ಎಲ್ಲರೂ ಹೇಳುತ್ತಿದ್ದಾರೆ. ನಾನು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಒದ್ದೇಬಿಟ್ಟೆ.

ಎದುರು ಟೀಮಿನ ಗೋಲ್‌ಕೀಪರ್ ಪ್ರಶಾಂತ್, ಸೂರ್‌ನಲ್ಲಿ ಇಂಜಿನಿಯರ್. ಅವರು ಮೊಬೈಲ್ ಹಿಡಿದು ನನ್ನ ವಿಡಿಯೋ ಮಾಡುತ್ತಿದ್ದರು. ಚೆಂಡು ಉರುಳುತ್ತ ಉರುಳುತ್ತ... ಅವರ ಕಾಲುಗಳ ನಡುವೆಯೇ ನುಸುಳಿ ಬಲೆ ಸೇರಿತು.

ಹೆಂಗಸರ ಕಡೆಯಿಂದ ಎದ್ದ ಕೂಗು ಕೇಳಬೇಕಿತ್ತು ನೀವು. ನಾನು ಎರಡೂ ಕೈ ಎತ್ತಿ ಓಡುತ್ತಿದ್ದೇನೆ, ಎಲ್ಲಿಗೆ ಅಂತ ನನಗೇ ಗೊತ್ತಿಲ್ಲ. ಹಿಂದೆ ಯಜಮಾನರು, "ಓಡಬೇಡ" ಎನ್ನುತ್ತ ತಾವೂ ಓಡುತ್ತಿದ್ದಾರೆ.

"ಅದು ಬರೀ ಶಾಸ್ತ್ರಕ್ಕೆ, ಕೌಂಟ್ ಆಗಲ್ಲ" ಎಂದರು ಪ್ರಶಾಂತ್.

"ವಿಡಿಯೋ ನಿಮ್ಮ ಕೈಯಲ್ಲೇ ಉಂಟಲ್ಲ. ಖಲಾಸ್" ಎಂದರು ಹಮೀದ್.

ಆಟ ಮುಗಿದಾಗ ಎರಡೂ ಕಡೆ ಎರಡೆರಡು ಗೋಲು. ನನ್ನದನ್ನು ಸೇರಿಸಿದರೆ ನಮಗೆ ಮೂರು. ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಇನ್ನೂ ನಡೆಯುತ್ತಿದೆ.

ನೀವೇ ಹೇಳಿ, ಗೆದ್ದದ್ದು ನಾವೇ ತಾನೇ?