ಬಕೆಟ್ಟಿನಲ್ಲಿ ಕಾಲು, ಮೊರಾಕ್ಕೋದಲ್ಲಿ ಕಣ್ಣು

ಕಳೆದ ಶನಿವಾರ ಮೊರಾಕ್ಕೋಗೆ ಹೋಗಿ ಬಂದೆ. ಬೆಟ್ಟದ ನಡುವಿನ ಈಜುಹೊಂಡಗಳಿಗೆ ಅರ್ಧ ದಿನದ ಪ್ರವಾಸ, ಗೈಡ್ ಸಮೇತ. ಹೋಗಿದ್ದು ಟೋಕಿಯೋದ ನಿಶಿ ಕಸಾಯಿಯಲ್ಲಿರುವ ನಮ್ಮ ಫ್ಲ್ಯಾಟಿನ ಅಡುಗೆಮನೆಯಿಂದ. ಕಾಲೆರಡೂ ಬಕೆಟ್ಟಿನ ನೀರಿನಲ್ಲಿದ್ದವು.

ನಗಬೇಡಿ. ದೇಶದೇಶಗಳೆಲ್ಲ ಬಾಗಿಲು ಹಾಕಿ ಕೂತಿರುವ ಈ ಕಾಲದಲ್ಲಿ ಜಪಾನಿನವರು ಪ್ರವಾಸವನ್ನೂ ಆನ್‌ಲೈನ್ ಮಾಡಿಬಿಟ್ಟಿದ್ದಾರೆ. ಹೆಸರು ಕೊಟ್ಟರೆ ವಾರದ ಮುಂಚೆ ಮನೆಗೊಂದು ಡಬ್ಬ ಬರುತ್ತದೆ. ನನ್ನ ಡಬ್ಬದಲ್ಲಿ ಪುದೀನ ಚಹಾ, ಒಂದು ಪೊಟ್ಟಣ ಖರ್ಜೂರ, ನೀಲಿ ಟವೆಲ್ಲು, ಜೊತೆಗೊಂದು ಚೀಟಿ ಇದ್ದವು. ಗೈಡ್ ನೀರಿಗಿಳಿಯುವಾಗ ನೀವೂ ಬೇಸಿನ್ನಿನಲ್ಲಿ ಬೆಚ್ಚಗಿನ ನೀರು ತುಂಬಿಸಿ ಪಾದ ಇಳಿಬಿಡಿ. ಕ್ಯಾಮೆರಾ ಆನ್ ಇರಲಿ. ಬೇರೆಯವರಿಗೆ ತೊಂದರೆಯಾಗದಂತೆ ಮೈಕ್ ಮ್ಯೂಟ್‌ನಲ್ಲಿರಲಿ. ಜಪಾನಿನಲ್ಲಿ ಚೀಟಿಯಲ್ಲಿ ಬರೆದದ್ದೆಂದರೆ ಮುಗಿಯಿತು, ಯಾರೂ ಮೀರುವುದಿಲ್ಲ.

ಬುಕ್ ಮಾಡಿದ್ದು ನನ್ನ ಗಂಡ ರಘು. ನಿಜವಾದ ಮೊರಾಕ್ಕೋಗೇ ನಾವು ಮೂವರೂ ಹೋಗಬೇಕೆಂಬ ಆಸೆಯಿತ್ತು. ಮಾರ್ಚಿನಲ್ಲಿ ರಘು ನಮ್ಮ ಎಂಟು ವರ್ಷದ ಮಗಳು ಅನುವನ್ನು ಕರೆದುಕೊಂಡು ತಮ್ಮನ ಮದುವೆಗೆಂದು ಮೈಸೂರಿಗೆ ಹೋದ. ನನಗೆ ರಜೆ ಸಿಗಲಿಲ್ಲ. ಅಷ್ಟರಲ್ಲಿ ಅಲ್ಲಿ ಕೊರೋನಾದ ಎರಡನೇ ಅಲೆ ಎದ್ದಿತು. ಇಂಡಿಯಾದಿಂದ ಬರುವವರಿಗೆ ಇಲ್ಲಿ ಬಾಗಿಲು ಮುಚ್ಚಿತು, ವೀಸಾ ಇದ್ದವರಿಗೂ. ಈಗ ಜೂನ್. ಮೂರು ತಿಂಗಳಿಂದ ಮನೆಯಲ್ಲಿ ನಾನೊಬ್ಬಳೇ.

"ನೀನಾದ್ರೂ ಹೋಗ್ಬಾ ಕಣೇ," ಅಂದಿದ್ದ ರಘು. "ಎಷ್ಟು ದಿನಾಂತ ಗೋಡೆ ನೋಡ್ಕೊಂಡು ಕೂರ್ತೀಯ?"

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. (ನಮ್ಮ ಆಫೀಸಿನವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯ.) ವರ್ಕ್ ಫ್ರಮ್ ಹೋಮ್ ಶುರುವಾದಾಗಿನಿಂದ ನಮ್ಮಲ್ಲಿ ಮೀಟಿಂಗಿನ ಉದ್ದಕ್ಕೂ ಕ್ಯಾಮೆರಾ ಆನ್ ಇರಬೇಕು. ಕೂತೂ ಕೂತೂ ಸಾಕಾಗಿ ನಾನೊಂದು ಉಪಾಯ ಮಾಡಿದೆ. ನೀಟಾಗಿ ತಲೆ ಬಾಚಿ, ಹೆಡ್‌ಫೋನ್ ಹಾಕಿ, ಇದೇ ಟೇಬಲ್ಲಿನ ಮುಂದೆ ಕೂತು ಒಂದು ಫೋಟೋ ತೆಗೆದುಕೊಂಡೆ. ಅದನ್ನೇ ಹಿನ್ನೆಲೆಯ ಚಿತ್ರವಾಗಿ ಹಾಕಿ, ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿದೆ. ಕ್ಯಾಮೆರಾಗೆ ಏನೂ ಕಾಣದಿದ್ದರೆ ಅದು ಪೂರ್ತಿ ಹಿನ್ನೆಲೆಯನ್ನೇ ತೋರಿಸುತ್ತದೆ. ನಾನು ಆ ಕಡೆ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತೇನೆ, ಈ ಕಡೆ ಮೀಟಿಂಗಿನಲ್ಲಿ ಕೂತು ಮುಗುಳ್ನಗುತ್ತಲೂ ಇರುತ್ತೇನೆ. ಎರಡು ತಿಂಗಳಾಯಿತು. ಒಬ್ಬರಾದರೂ ಒಂದು ಮಾತು ಕೇಳಿದರೇ? ಇಲ್ಲ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಇರಲಿ, ಮೊರಾಕ್ಕೋಗೆ ಬನ್ನಿ.

ಅಲ್ಲಿ ಬೆಳಗಿನ ಒಂಬತ್ತು, ಇಲ್ಲಿ ಸಂಜೆ ಐದು. ಹೊರಗೆ ಜಿಟಿಜಿಟಿ ಮಳೆ. ಫೋನನ್ನು ಸೈಲೆಂಟ್ ಮಾಡಿ ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಂದೆ, ಅರ್ಧ ದಿನವಾದರೂ ನೆಮ್ಮದಿಯಾಗಿರೋಣವೆಂದು. ಪರದೆಯ ಮೇಲೆ ನಮ್ಮದು ಹದಿನಾರು ಚೌಕಗಳು. ಹೆಸರಿನ ಪಕ್ಕದಲ್ಲಿ ಎಲ್ಲರೂ ಊರು ಬರೆದುಕೊಂಡಿದ್ದರು. ಪ್ರವಾಸದ ಕಂಪನಿಯ ಒಗಾವಾ-ಸಾನ್ (ಇಲ್ಲಿ ಎಲ್ಲರ ಹೆಸರಿಗೂ ಮರ್ಯಾದೆಗೊಂದು ಸಾನ್) ಎಂಬ ಹುಡುಗಿ ನಡೆಸಿಕೊಡುವವಳು. ಚಾಟ್ ಕಿಟಕಿಯಲ್ಲಿ ಜಪಾನಿ ಅಕ್ಷರಗಳು ಸಾಲುಗಟ್ಟಿ ಬರತೊಡಗಿದವು. ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ, ಮುಚ್ಚಿಬಿಟ್ಟೆ. ನನ್ನ ಚೌಕವನ್ನೂ ಎಂದಿನ ಅಭ್ಯಾಸದಂತೆ ನನಗೆ ಕಾಣದ ಹಾಗೆ ಅಡಗಿಸಿದೆ. ನನ್ನ ಮುಖ ನೋಡಿ ನನಗೇ ಬೇಸರ ಬಂದಿದೆ.

ಗೈಡ್ ಹೆಸರು ಯೂಸುಫ್. ಟೂರಿಸ್ಟರ ಬಾಯಿಂದಲೇ ಜಪಾನಿ ಕಲಿತವನು, ನನಗಿಂತ ಚೆನ್ನಾಗಿ ಮಾತಾಡುತ್ತಾನೆ. ಕೋಲಿನ ತುದಿಗೆ ಫೋನ್ ಕಟ್ಟಿಕೊಂಡು ಕಲ್ಲುದಾರಿಯಲ್ಲಿ ನಡೆಯುತ್ತಿದ್ದ. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ಕೆಳಗೆ ಹಸಿರು ನೀರಿನ ಹೊಂಡ. ಅದರ ದಡದಲ್ಲಿ ಮುಚ್ಚಿದ ಚಹಾ ಅಂಗಡಿಗಳು, ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಮನುಷ್ಯರ ಸುಳಿವಿಲ್ಲ.

"ಮೊದಲು ಇಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ," ಎಂದ ಯೂಸುಫ್. "ಈಗ ನಾನೊಬ್ಬನೇ ಬರುತ್ತೇನೆ. ನೀವಿದ್ದೀರಿ ಎಂದುಕೊಂಡು ಮಾತಾಡುತ್ತೇನೆ."

ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಬಂಡೆಯ ಕಡೆಗೆ ಕೊನ್ನಿಚಿವಾ ಎಂದು ಜಪಾನಿ ನಮಸ್ಕಾರ ಕೂಗಿದ. ತುಸು ಹೊತ್ತು ಸದ್ದಿಲ್ಲ. ಆಮೇಲೆ ಅದೇ ಮಾತು ಬಂಡೆಯಿಂದ ವಾಪಸು ಬಂತು, ಸ್ವಲ್ಪ ದಪ್ಪ ದನಿಯಲ್ಲಿ. ನನಗೆ ಯಾಕೋ ಹಿಡಿಸಲಿಲ್ಲ.

ಮೊದಲ ಹೊಂಡದಲ್ಲಿ ಯೂಸುಫ್ ನೀರಿಗಿಳಿದ, ನಾವು ಪಾದ ಇಳಿಸಿದೆವು. ಹತ್ತು ನಿಮಿಷ ಚಹಾ ವಿರಾಮ. ನಾನೂ ಎದ್ದು ಪುದೀನ ಚಹಾ ಮಾಡಿಕೊಂಡು ಬಂದು ಮತ್ತೆ ಬಕೆಟ್ಟಿಗೆ ಕಾಲು ಹಾಕಿ ಕೂತೆ. ಆಗ ಕಣ್ಣಿಗೆ ಬಿದ್ದರು, ಕೆಳಗಿನ ಎಡಮೂಲೆಯ ಚೌಕದಲ್ಲಿದ್ದ ಅಜ್ಜಿ. ಫುಕುದಾ, ಹಮಾಮತ್ಸು ಎಂದಿತ್ತು. ಬಿಳಿ ಕೂದಲು, ಕೊರಳಿಗೆ ಅದೇ ನೀಲಿ ಟವೆಲ್ಲು. ಮುಂದೆ ಚಹಾದ ಲೋಟ. ನೇರವಾಗಿ ಕ್ಯಾಮೆರಾದ ಕಡೆಗೆ ನೋಡುತ್ತಿದ್ದರು.

ಎರಡನೇ ಹೊಂಡ ಬಂತು. ಅಜ್ಜಿ ಹಾಗೇ ನೋಡುತ್ತಿದ್ದರು.

ನೆಟ್ ಸ್ಟಕ್ ಆಗಿದೆ ಎಂದುಕೊಂಡೆ. ನಮ್ಮ ಸಾಫ್ಟ್‌ವೇರಿನವರ ಕಸುಬೇ ಅದಲ್ಲವೇ, ಎಲ್ಲಕ್ಕೂ ಮೊದಲು ನೆಟ್ಟನ್ನೇ ಬೈಯುವುದು. ಆದರೆ ಅವರ ಹಿಂದಿನ ಗೋಡೆಯಲ್ಲೊಂದು ಗಡಿಯಾರವಿತ್ತು. ಅದರ ಸೆಕೆಂಡ್ ಮುಳ್ಳು ತಿರುಗುತ್ತಿತ್ತು. ಕಿಟಕಿಯ ಪರದೆ ಗಾಳಿಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕೋಣೆಯಲ್ಲಿ ಎಲ್ಲವೂ ನಡೆಯುತ್ತಿತ್ತು, ಅಜ್ಜಿಯೊಬ್ಬರನ್ನು ಬಿಟ್ಟು.

ಆಮೇಲೆ ನಾನು ಹೊಂಡ ನೋಡಲಿಲ್ಲ. ಯೂಸುಫ್ ಏನೇನೋ ತೋರಿಸುತ್ತಿದ್ದ, ಏಡಿಯಂತೆ, ಅಂಜೂರದ ಮರವಂತೆ. ನಾನು ಅಜ್ಜಿಯ ಲೋಟ ನೋಡುತ್ತಿದ್ದೆ. ಮೊದಲು ಹಬೆ ಏಳುತ್ತಿತ್ತು, ಈಗ ಇಲ್ಲ. ಅವರ ಕಾಲ ಕೆಳಗಿನ ಬೇಸಿನ್ನೂ ತಣ್ಣಗಾಗಿರಬೇಕು. ನನ್ನ ಬಕೆಟ್ಟಂತೂ ತಣ್ಣಗಾಗಿ ಬೆರಳು ಸುಕ್ಕುಗಟ್ಟಿದ್ದವು. ಕಾಲು ತೆಗೆಯಲು ಮಾತ್ರ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಒಗಾವಾ-ಸಾನ್ ದನಿ. "ಎಲ್ಲರೂ ಯೂಸುಫ್-ಸಾನ್‌ಗೆ ಒಮ್ಮೆ ಕೈ ಬೀಸೋಣವೇ?"

ಬೀಸಿದೆವು. ಚೌಕ ಚೌಕದಲ್ಲೂ ಕೈಗಳು. ಅಜ್ಜಿ ಬೀಸಲಿಲ್ಲ.

ಐದು ನಿಮಿಷ ಬಿಟ್ಟು ಮತ್ತೆ, "ಇನ್ನೊಮ್ಮೆ, ದಯವಿಟ್ಟು ಎಲ್ಲರೂ." ಮತ್ತೈದು ನಿಮಿಷಕ್ಕೆ ಮೂರನೇ ಸಲ. ಈ ಸಲ ಒಗಾವಾ-ಸಾನ್ ದನಿ ಸಣ್ಣಗೆ ನಡುಗುತ್ತಿತ್ತು. ನಾನು ಎರಡೂ ಕೈ ಎತ್ತಿ ಬೀಸಿದೆ. ಅಜ್ಜಿ ಬೀಸಲಿಲ್ಲ. ಓಹೋ, ಇವಳೂ ಗಮನಿಸಿದ್ದಾಳೆ ಎಂದುಕೊಂಡೆ. ಜಪಾನಿನಲ್ಲಿ ನಾಲ್ಕು ಜನರ ಮುಂದೆ ಹೆಸರು ಹಿಡಿದು ನಿಮಗೇನಾಯಿತು ಎಂದು ಕೇಳುವುದಿಲ್ಲ, ಅವಮಾನವಾದೀತು. ಹೀಗೆ ಸುತ್ತಿ ಬಳಸಿಯೇ ವಿಚಾರಿಸುತ್ತಾರೆ. ಮುಂದಿನ ಗಳಿಗೆ ಒಗಾವಾ-ಸಾನ್ ಚೌಕ ಕಪ್ಪಾಯಿತು.

ಹೊರಗೆ ಕತ್ತಲಾಗುತ್ತಿತ್ತು. ನಾನು ಎದ್ದು ಲೈಟ್ ಹಾಕಲಿಲ್ಲ. ಹಮಾಮತ್ಸುವಿನಲ್ಲೂ ಕತ್ತಲಾಗುತ್ತಿತ್ತು. ಒಂದೊಂದೇ ಚೌಕದಲ್ಲಿ ಯಾರೋ ಎದ್ದು ಹೋಗಿ ಲೈಟ್ ಹಾಕಿ ಬಂದರು. ಅಜ್ಜಿಯ ಕೋಣೆಯಲ್ಲಿ ಮಾತ್ರ ಯಾರೂ ಹಾಕಲಿಲ್ಲ. ಮೊದಲು ಗಡಿಯಾರ ಕರಗಿತು, ಆಮೇಲೆ ಪರದೆ. ಕೊನೆಗೆ ಲ್ಯಾಪ್‌ಟಾಪಿನ ಬೆಳಕಿಗೆ ಮುಖವೊಂದೇ ಉಳಿಯಿತು. ಆ ಎರಡು ಕಣ್ಣು ಬೇರೆಲ್ಲೂ ಅಲ್ಲ, ನನ್ನನ್ನೇ ನೋಡುತ್ತಿವೆ ಅನ್ನಿಸಿತು. ನಿಜಕ್ಕೂ ಹೆದರಿದೆ.

ಮ್ಯೂಟ್ ತೆಗೆಯುವ ಬಟನ್ನಿನ ಮೇಲೆ ನನ್ನ ಬೆರಳಿತ್ತು. ಸುಮಿಮಾಸೆನ್, ಕ್ಷಮಿಸಿ, ಆ ಅಜ್ಜಿಯನ್ನು ಸ್ವಲ್ಪ ನೋಡಿ. ಇಷ್ಟು ಹೇಳುವಷ್ಟು ಜಪಾನಿ ನನಗೆ ಬರುತ್ತದೆ. ಒತ್ತಲಿಲ್ಲ. ತೂಕಡಿಸುತ್ತಿದ್ದರೆ? ಎಲ್ಲರ ಮುಂದೆ ನಾನೇ ನಗೆಪಾಟಲಾದರೆ? ಒಗಾವಾ-ಸಾನ್ ನೋಡಿಕೊಳ್ಳುತ್ತಾಳೆ, ಕಂಪನಿಯವರ ಕೆಲಸ ಅದು. ಊರಿಗಿಲ್ಲದ ಉಸಾಬರಿ ನನಗೇಕೆ?

ಈ ಮಾತನ್ನು ನನಗೆ ನಾನೇ ಹೇಳಿಕೊಂಡದ್ದು ಮೊದಲ ಸಲವಲ್ಲ. ಕಳೆದ ಚಳಿಗಾಲದಲ್ಲಿ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ತಾತನ ಪೋಸ್ಟ್ ಡಬ್ಬದಲ್ಲಿ ಪೇಪರುಗಳು ತುಂಬಿ ಹೊರಗೆ ಇಣುಕುತ್ತಿದ್ದವು. ಹಾಲು ತರಲು ಕೊಂಬಿನಿ ಅಂಗಡಿಗೆ ಹೋಗುವಾಗ ಬರುವಾಗ ದಿನವೂ ನೋಡಿದೆ. ಮಗನ ಮನೆಗೆ ಹೋಗಿರಬೇಕು ಎಂದುಕೊಂಡೆ. (ಅವರಿಗೆ ಮಗನಿದ್ದಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ.) ಹನ್ನೊಂದನೇ ದಿನ ಬಿಲ್ಡಿಂಗಿನ ಮೇಲ್ವಿಚಾರಕರು ಬೇರೆ ಕೀಲಿಯಿಂದ ಬೀಗ ತೆಗೆದರು. ಆಮೇಲೆ ಒಂದು ವಾರ ಮೆಟ್ಟಿಲ ತುಂಬ ತೊಳೆಯುವ ಔಷಧಿಯ ವಾಸನೆ.

ಅದೆಲ್ಲ ನೆನಪಾಯಿತು. ಆದರೂ ಒತ್ತಲಿಲ್ಲ.

ಆಗ ನನ್ನ ಮನೆಯ ಬೆಲ್ ಹೊಡೆಯಿತು.

ಮೂರು ತಿಂಗಳಿಂದ ಆ ಬೆಲ್ ಒತ್ತಿದವರು ಪಾರ್ಸಲ್ಲಿನವರು ಮಾತ್ರ, ಅವರೂ ಬಾಗಿಲಲ್ಲಿಟ್ಟು ಹೋಗಿಬಿಡುತ್ತಾರೆ. ಇದು ಮತ್ತೆ ಮತ್ತೆ ಹೊಡೆಯಿತು. ಬಾಗಿಲನ್ನೂ ತಟ್ಟಿದರು. ಹೆಡ್‌ಫೋನ್ ಕಿತ್ತಿಟ್ಟು, ಕತ್ತಲಲ್ಲಿ ಒದ್ದೆಗಾಲಿನಲ್ಲೇ ಹೋಗಿ ಬಾಗಿಲು ತೆಗೆದೆ.

ಇಬ್ಬರು ಪೊಲೀಸರು, ಮಾಸ್ಕು, ರಬ್ಬರ್ ಗ್ಲೌಸು. ಅವರ ಹಿಂದೆ ಅದೇ ಮೇಲ್ವಿಚಾರಕರು. ಕೈಯಲ್ಲಿ ಕೀಲಿ ಗೊಂಚಲು. ಒಂದು ಕೀಲಿಯನ್ನು ಆಗಲೇ ಬೇರೆ ಮಾಡಿ ಹಿಡಿದಿದ್ದರು. ಅದು ನನ್ನ ಮನೆಯದು.

"ವೀಣಾ-ಸಾನ್ ನೀವೇನಾ?" ಎಂದು ಕೇಳಿದ ಕಿರಿಯ ಪೊಲೀಸ್.

"ಹೌದು."

ಅವನು ನನ್ನ ಮುಖ ನೋಡಿದ, ನೆಲದ ಮೇಲಿನ ಒದ್ದೆ ಹೆಜ್ಜೆ ನೋಡಿದ. "ನೀವು ಎರಡು ಗಂಟೆಯಿಂದ ಅಲ್ಲಾಡಿಲ್ಲ ಎಂದು ನಮಗೆ ಫೋನ್ ಬಂತು," ಎಂದ.

ಆ ಕ್ಷಣ ನೆನಪಾಯಿತು. ಶುಕ್ರವಾರದ ಮೀಟಿಂಗಿಗೆ ಅಂಟಿಸಿದ ಬಿಂದಿ. ನಾನದನ್ನು ತೆಗೆದೇ ಇರಲಿಲ್ಲ.

ಮೂರು ಸಲ ಕೈ ಬೀಸಿಸಿದ್ದು ಅಜ್ಜಿಗಾಗಿ ಅಲ್ಲ, ನನಗಾಗಿ. ಚಾಟ್‌ನಲ್ಲಿ ಬರೆದಿದ್ದರು, ನಾನು ಮುಚ್ಚಿಟ್ಟಿದ್ದೆ. ಫೋನ್ ಮಾಡಿದ್ದರು, ಅದು ಸೈಲೆಂಟ್ ಆಗಿ ಮಲಗಿತ್ತು. ಪೊಲೀಸರಿಗೆ ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದೆ. ಅವರೂ ಬಗ್ಗಿ, ನೀವು ಕ್ಷೇಮವಾಗಿರುವುದು ಸಂತೋಷ ಎಂದು ಹೊರಟರು. ಮೇಲ್ವಿಚಾರಕರು ಮಾತ್ರ ಒಂದು ಗಳಿಗೆ ನಿಂತು, ಆ ಕೀಲಿಯನ್ನು ಗೊಂಚಲಿಗೆ ವಾಪಸು ಸಿಕ್ಕಿಸಿಕೊಂಡರು.

ಓಡಿಹೋಗಿ ಫೋನ್ ನೋಡಿದೆ. ರಘುವಿನದು ಇಪ್ಪತ್ತಮೂರು ಮಿಸ್ಡ್ ಕಾಲ್. ಬುಕ್ಕಿಂಗ್ ಫಾರಂನಲ್ಲಿ ತುರ್ತು ಸಂಪರ್ಕಕ್ಕೆಂದು ಅವನ ನಂಬರ್ ಇತ್ತು.

"ಫೋನ್ ಯಾಕೆ ಎತ್ಲಿಲ್ಲ ನೀನು?" ಅವನ ದನಿ ಒಡೆದಿತ್ತು. "ಅವ್ರು ಜಪಾನೀಸ್‌ನಲ್ಲಿ ಗಡಿಬಿಡಿಯಾಗಿ ಏನೋ ಹೇಳ್ತಾ ಇದ್ರು. ನಂಗೊಂದೂ ಅರ್ಥ ಆಗ್ಲಿಲ್ಲ. ಅನುಗೆ ಕೊಟ್ಬಿಟ್ಟೆ ಕಣೇ ಫೋನ್ನ."

ನಮ್ಮ ಮನೆಯಲ್ಲಿ ಸರಿಯಾಗಿ ಜಪಾನಿ ಬರುವುದು ಅನುವಿಗೊಬ್ಬಳಿಗೇ. ಆ ಮಾತನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಬೇಕಾದವಳೂ ಅವಳೇ.

"ಅನು, ನಾನು ಕಣೇ," ಅಂದೆ.

ಅವಳು ತಣ್ಣಗೆ, "ಅಮ್ಮ, ವಿಡಿಯೋ ಆನ್ ಮಾಡು. ಕೈ ಅಲ್ಲಾಡ್ಸು," ಅಂದಳು. ಅಲ್ಲಾಡಿಸಿದೆ. "ಮೋರ್," ಅಂದಳು. ಅವಳು ಅಳುವ ತನಕ ಅಲ್ಲಾಡಿಸುತ್ತಲೇ ಇದ್ದೆ.

ಅಡುಗೆಮನೆಗೆ ಬಂದಾಗ ಮೊರಾಕ್ಕೋ ಇನ್ನೂ ಮುಗಿದಿರಲಿಲ್ಲ. ಕೊನೆಯ ಹೊಂಡದ ಬಂಡೆಯ ಮೇಲೆ ಯೂಸುಫ್ ಟವೆಲ್ಲು ಹೊದ್ದು ಸುಮ್ಮನೆ ಕೂತಿದ್ದ. ಒಗಾವಾ-ಸಾನ್ ಚೌಕಕ್ಕೆ ವಾಪಸಾಗಿದ್ದಳು, ಕಣ್ಣು ಕೆಂಪಾಗಿತ್ತು. ಲೈಟ್ ಹಾಕಿದೆ. ಬಿಂದಿ ಕಿತ್ತೆ. ಹಿನ್ನೆಲೆಯ ಫೋಟೋ ಅಳಿಸಿದೆ. ಮೊದಲ ಸಲ ಮ್ಯೂಟ್ ತೆಗೆದು, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎಂದೆ.

ಕೆಳಗಿನ ಎಡಮೂಲೆಯಲ್ಲಿ ಕತ್ತಲು ಕದಲಿತು. ಫುಕುದಾ-ಸಾನ್ ಎದ್ದು ಲೈಟ್ ಹಾಕಿದರು. ಬಂದು ಕೂತು, ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಅವರೂ ಮ್ಯೂಟ್ ತೆಗೆದರು.

"ಒಳ್ಳೆಯದಾಯಿತು, ಒಳ್ಳೆಯದಾಯಿತು," ಎಂದರು. "ಚಹಾಕ್ಕೆ ಎಲ್ಲರೂ ಎದ್ದರು, ನೀವೊಬ್ಬರೇ ಏಳಲಿಲ್ಲ. ಆಗಲೇ ಒಗಾವಾ-ಸಾನ್‌ಗೆ ಫೋನ್ ಮಾಡಿದೆ. ನಿಮ್ಮ ಹಿಂದಿನ ಗೋಡೆಯ ಗಡಿಯಾರ ಹತ್ತೂವರೆಯಲ್ಲೇ ನಿಂತಿತ್ತು. ಟೋಕಿಯೋದಲ್ಲಿ ಮಳೆಯೆಂದು ಟಿವಿಯಲ್ಲಿ ಹೇಳಿದ್ದರು, ನಿಮ್ಮ ಕಿಟಕಿಯಲ್ಲಿ ಬಿಸಿಲಿತ್ತು. ಕತ್ತಲಾದ ಮೇಲೂ ಬಿಸಿಲಿತ್ತು. ನನಗೆ ಬಹಳ ಭಯವಾಯಿತು. ನಾನು ಕಣ್ಣು ತೆಗೆದಾಗಲೇ ನೀವು ಅಲ್ಲಾಡಿಬಿಟ್ಟರೆ ಗೊತ್ತಾಗುವುದಿಲ್ಲವಲ್ಲ? ಅದಕ್ಕೇ ಲೈಟ್ ಹಾಕಲೂ ಏಳಲಿಲ್ಲ."

ನನಗೆ ಬಾಯಿಗೆ ಬಂದದ್ದು ಅರಿಗಾತೋ ಎಂಬ ಥ್ಯಾಂಕ್ಸ್ ಒಂದೇ. ಅದನ್ನೇ ನಾಲ್ಕು ಸಲ ಹೇಳಿದೆ.

ಅವರು ನಾಚಿಕೊಂಡು ನಕ್ಕರು. "ನಾನೂ ಅಷ್ಟು ಹೊತ್ತು ಗೊಂಬೆಯ ಹಾಗೆ ಕೂತಿದ್ದೆ, ಅಲ್ಲವೇ? ನೋಡಿದವರು ಯಾರಾದರೂ ಹೆದರಿಕೊಂಡರೋ ಏನೋ. ವೀಣಾ-ಸಾನ್, ನಿಮಗೆ ಹಾಗೇನೂ ಅನ್ನಿಸಲಿಲ್ಲ ತಾನೇ?"

"ಇಲ್ಲ," ಎಂದೆ. "ನಾನು ಗಮನಿಸಲೇ ಇಲ್ಲ."

ಗಮನಿಸಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ, ನೀವೇ ಹೇಳಿ?